ಓದಿಸಿಕೊಳ್ಳುವ ಪುಟ

ನಮ್ಮ ಸಮಾಜದ ಯಾವ ಮನೆಗೆ ಹೋದರೂ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಸ್ಮರಣ ಸಂಚಿಕೆಗಳ ಒಂದು ಕಟ್ಟು ಇದ್ದೇ ಇರುತ್ತದೆ. ಸಂಘದ ಬೆಳ್ಳಿಹಬ್ಬ, ಶ್ರೀಮಠದ ಜಾತ್ರಾ ಮಹೋತ್ಸವ, ವಿದ್ಯಾರ್ಥಿನಿಲಯದ ವಾರ್ಷಿಕೋತ್ಸವ, ಹಿರಿಯರೊಬ್ಬರ ಅಭಿನಂದನ ಸಮಾರಂಭ, ಇಂಥ ಸಂದರ್ಭಗಳಲ್ಲೆಲ್ಲ ಒಂದೊಂದು ಸಂಚಿಕೆ ಹೊರಬಂದಿರುತ್ತದೆ. ಹೊಳೆಯುವ ಹೊದಿಕೆ, ಒಳಗೆ ಶುಭ ಸಂದೇಶಗಳು, ಜಾಹೀರಾತುಗಳು, ನಡುನಡುವೆ ಲೇಖನಗಳು. ಸಮಾರಂಭದ ದಿನ ಕೈಗೆ ಬಂದಾಗ ಎಲ್ಲರೂ ಒಮ್ಮೆ ಪುಟ ತಿರುವುತ್ತಾರೆ. ತಮ್ಮ ಭಾವಚಿತ್ರ ಎಲ್ಲಿದೆಯೆಂದು ನೋಡಿಕೊಳ್ಳುತ್ತಾರೆ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಲೇಖನ ಬರೆದವರು ತಿಂಗಳುಗಟ್ಟಲೆ ಶ್ರಮಿಸಿರುತ್ತಾರೆ, ದಾನಿಗಳು ಹಣ ಕೊಟ್ಟಿರುತ್ತಾರೆ, ಸಂಪಾದಕ ಮಂಡಲಿಯವರು ನಿದ್ದೆಗೆಟ್ಟಿರುತ್ತಾರೆ. ಓದಿದವರು ಮಾತ್ರ ಯಾರೂ ಇಲ್ಲ.

ಇದಕ್ಕೆ ಕಾರಣವೇನೆಂದು ಕೇಳಿದರೆ "ಈಗ ಯಾರು ಓದುತ್ತಾರೆ ಸ್ವಾಮಿ" ಎಂಬ ಸಿದ್ಧ ಉತ್ತರ ದೊರೆಯುತ್ತದೆ. ಈ ಉತ್ತರವನ್ನು ನಾವು ಪೂರ್ಣವಾಗಿ ಒಪ್ಪುವುದಿಲ್ಲ. ಹಳೆಯ ಸಂಚಿಕೆಗಳನ್ನು ಬಿಚ್ಚಿ ಬೆಳಕಿನಲ್ಲಿ ಹಿಡಿದು ನೋಡಿದರೆ ಬೇರೊಂದು ಸಂಗತಿ ಕಾಣಿಸುತ್ತದೆ. ಇರುವೆಯ ಸಾಲಿನಂಥ ಅಕ್ಷರ, ಒಂದರ ಮೇಲೊಂದು ಬಿದ್ದ ಸಾಲುಗಳು, ಅಂಚೇ ಇಲ್ಲದ ಪುಟ, ಗೋಪುರದ ಚಿತ್ರದ ಮೇಲೆಯೇ ಅಚ್ಚಾದ ಕವನ, ಹೆಸರಿಲ್ಲದ ಭಾವಚಿತ್ರಗಳು. ಓದಬೇಕೆಂಬ ಆಸೆಯಿಂದ ಬಂದ ಕಣ್ಣನ್ನು ಆ ಪುಟಗಳೇ ಹಿಂದಕ್ಕೆ ಕಳುಹಿಸುತ್ತವೆ. ಬರಹ ಚೆನ್ನಾಗಿದ್ದರೆ ಸಾಲದು, ಪುಟವೂ ಓದಿಸಿಕೊಳ್ಳಬೇಕು. ಆ ಗುಣ ಪುಟಕ್ಕೆ ಬರುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ರಾಬರ್ಟ್‌ಸನ್‌ಪೇಟೆಯವರಾದ ನಮಗೆ ಈ ವಿಷಯ ಕೇವಲ ಅಂದಚೆಂದದ ಮಾತಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರ ಕಾಲದಿಂದ ಬೆಳೆದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಗಣಿಯನ್ನು ನಂಬಿ ಊರಿಗೆ ಬಂದಿದ್ದ ಕುಟುಂಬಗಳು, ಆ ಕುಟುಂಬಗಳನ್ನು ನಂಬಿ ಅಂಗಡಿ ಇಟ್ಟಿದ್ದವರು, ಪಾಠ ಹೇಳುತ್ತಿದ್ದವರು ದಿಕ್ಕುದಿಕ್ಕಿಗೆ ಹಂಚಿಹೋದರು. ಹಿರಿಯರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿದ್ದಾರೆ. ಅವರ ನೆನಪುಗಳನ್ನು ಸೇರಿಸಿ ಒಂದು ಸಂಪುಟ ತರಬೇಕೆಂಬ ಮಾತು ನಮ್ಮ ಊರಿನಲ್ಲಿ ಆಗಾಗ ಕೇಳಿಬರುತ್ತದೆ. ಅದು ಬಂದೀತು ಎಂಬ ಭರವಸೆಯೂ ನಮಗುಂಟು. ಆದರೆ ಬಂದ ಮೇಲೆ ಅದೂ ಅಟ್ಟವನ್ನೇ ಸೇರಿದರೆ ಮತ್ತೊಂದು ಅವಕಾಶ ನಮಗೆ ಸಿಕ್ಕಲಾರದು.

ಮೊದಲು ಓದುವವರು ಯಾರೆಂಬುದನ್ನು ನೋಡಬೇಕು. ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ನಮ್ಮ ಸಾವಿರಾರು ಜನ ಪ್ರತಿದಿನವೂ ಕೆಲಸಕ್ಕೆ ಹೋಗಿಬರುತ್ತಾರೆ. ಎರಡು ಗಂಟೆಗೂ ಮೀರಿದ ಪ್ರಯಾಣ. ಕುಳಿತುಕೊಳ್ಳಲು ಸ್ಥಳ ದೊರೆತವನೇ ಪುಣ್ಯವಂತ. ಓದುವ ಬಿಡುವು ಇರುವುದು ಅಲ್ಲಿಯೇ. ಆದರೆ ಅಲ್ಲಿ ಪುಟ ಅಲುಗಾಡುತ್ತಿರುತ್ತದೆ, ಬೆಳಕು ಅರೆಬರೆ. ಇನ್ನು ಮನೆಯಲ್ಲಿ ಇರುವವರು ಅಜ್ಜ ಅಜ್ಜಿಯರು. ಬಿಡುವು ಬೇಕಾದಷ್ಟಿದೆ, ಕಣ್ಣಿನಲ್ಲಿ ಪೊರೆ. ಮೂರನೆಯವರು ಮಕ್ಕಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಈ ಮಕ್ಕಳು ಕನ್ನಡವನ್ನು ಅಕ್ಷರ ಅಕ್ಷರವಾಗಿ ಕೂಡಿಸಿಕೊಂಡು ಓದುತ್ತಾರೆ.

ಇವರಲ್ಲದೆ ನಮ್ಮ ಊರಿಗೇ ವಿಶೇಷವಾದ ನಾಲ್ಕನೆಯ ಬಗೆಯ ಓದುಗರೂ ಇದ್ದಾರೆ. ಗಣಿಯೂರಿನಲ್ಲಿ ತಮಿಳೇ ಹೆಚ್ಚು, ಸುತ್ತಲಿನ ಹಳ್ಳಿಗಳಲ್ಲಿ ತೆಲುಗು ಧಾರಾಳ. ಕನ್ನಡ ಲಿಪಿ ಮತ್ತು ತೆಲುಗು ಲಿಪಿ ಒಂದೇ ಬಳ್ಳಿಯ ಎರಡು ಕವಲುಗಳು. ತಲೆಕಟ್ಟಿನ ರೂಪದಲ್ಲಿಯೂ ಕ, ತ, ಶ ಮೊದಲಾದ ಕೆಲವು ಅಕ್ಷರಗಳಲ್ಲಿಯೂ ವ್ಯತ್ಯಾಸವುಂಟು, ಉಳಿದುದೆಲ್ಲ ಹೆಚ್ಚುಕಡಿಮೆ ಗುರುತು ಸಿಕ್ಕುವಂಥದೇ. ತೆಲುಗು ಬಲ್ಲ ನೆರೆಮನೆಯವರು ನಮ್ಮ ಪತ್ರಿಕೆಯನ್ನು ಕೈಗೆತ್ತಿಕೊಂಡು ತಡವರಿಸುತ್ತಲೇ ಒಂದು ಪುಟ ಓದಿ ಮುಗಿಸುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅಕ್ಷರ ಸ್ಪಷ್ಟವಾಗಿದ್ದರೆ ಮಾತ್ರ ಅದು ಸಾಧ್ಯ. ಬಳುಕುವ, ಬಾಲ ಬಿಟ್ಟ, ಅಲಂಕಾರದ ಅಕ್ಷರಗಳಾದರೆ ಅವರು ಮೊದಲ ಸಾಲಿನಲ್ಲಿಯೇ ಕೈಬಿಡುತ್ತಾರೆ.

ಕನ್ನಡದ ಪುಟ ಇಂದಿನ ರೂಪಕ್ಕೆ ಬಂದುದು ಒಂದೇ ದಿನದಲ್ಲಿ ಅಲ್ಲ. ಓಲೆಗರಿಯ ಕಾಲದಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. ಕಂಠದಿಂದ ಗರಿಯ ಮೇಲೆ ಕೊರೆದು ಕಾಡಿಗೆ ತೀಡಿದ ಸಾಲುಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಡೆಬಿಡದೆ ಸಾಗುತ್ತಿದ್ದವು. ದಾರ ಪೋಣಿಸುವ ತೂತಿನ ಸುತ್ತ ಬಿಟ್ಟ ಜಾಗವೊಂದೇ ಕಣ್ಣಿಗೆ ವಿಶ್ರಾಂತಿ. ವಚನವೊಂದು ಮುಗಿಯಿತೆಂದು ತಿಳಿಯುವುದು ಅಂಕಿತ ಬಂದಾಗ, ಅಥವಾ ಜೋಡಿ ಗೆರೆ ಕಂಡಾಗ. ಆ ಕಾಲದವರು ಗಟ್ಟಿಯಾಗಿ ಓದುತ್ತಿದ್ದರು, ಬಹುಪಾಲು ಬಾಯಿಪಾಠವೂ ಇರುತ್ತಿತ್ತು. ಎಲ್ಲಿ ನಿಲ್ಲಬೇಕೆಂಬುದನ್ನು ನಾಲಗೆಯೇ ಬಲ್ಲದು. ಮೌನವಾಗಿ ಓದುವ ಇಂದಿನ ಓದುಗನಿಗೆ ಆ ಕೆಲಸವನ್ನು ಪುಟವೇ ಮಾಡಿಕೊಡಬೇಕಾಗಿದೆ.

ಅಚ್ಚಿನ ಯುಗ ಬಂದ ಮೇಲೆಯೂ ಹಾದಿ ಸುಗಮವಾಗಿರಲಿಲ್ಲ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾದುದು ದೂರದ ಬಂಗಾಳದ ಶ್ರೀರಾಮಪುರದಲ್ಲಿ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಆರಂಭಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದಿತು. ಅಂದರೆ ಕೈಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚೊತ್ತುವ ವಿಧಾನ. ಅವರೇ ಮುಂದೆ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದ ಮೊದಲಾದವುಗಳನ್ನು ತಂದಾಗಲೂ ಕಲ್ಲಚ್ಚನ್ನೇ ಆಶ್ರಯಿಸಿದರು. ನುರಿತ ಲಿಪಿಕಾರನ ಕೈಬರಹವಾದುದರಿಂದ ಓದುಗನಿಗೆ ಅದು ಪರಕೀಯವೆನಿಸಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ಅವರ ನಿಘಂಟನ್ನು ಇಂದಿಗೂ ಒಮ್ಮೆ ಬಿಚ್ಚಿ ನೋಡಬೇಕು. ಸುಮಾರು 70,000 ಪದಗಳ ಆ ಗ್ರಂಥದಲ್ಲಿ ಬೇಕಾದ ಪದ ಕ್ಷಣಮಾತ್ರದಲ್ಲಿ ಕಣ್ಣಿಗೆ ಬೀಳುತ್ತದೆ. ಬಣ್ಣವಿಲ್ಲ, ಚಿತ್ರವಿಲ್ಲ, ಹೂಬಳ್ಳಿಯ ಚೌಕಟ್ಟಿಲ್ಲ. ಎಲ್ಲಿ ದಪ್ಪ ಅಕ್ಷರ ಬೇಕು, ಎಲ್ಲಿ ಸಣ್ಣದು ಸಾಕು ಎಂಬ ವಿವೇಕ ಮಾತ್ರ ಇದೆ.

ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದ ನಿದರ್ಶನ ಫ.ಗು. ಹಳಕಟ್ಟಿಯವರದು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಮನೆಮನೆಗಳ ಜಗಲಿ ಹತ್ತಿ ಓಲೆಗರಿಯ ಕಟ್ಟುಗಳನ್ನು ಕೂಡಿಹಾಕಿದ ಕಥೆ ಎಲ್ಲರಿಗೂ ತಿಳಿದುದೇ. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಬಂದಿತು. ಆಮೇಲೆ ಇದ್ದ ಮನೆಯನ್ನೂ ಮಾರಿ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. 1926ರಿಂದ 'ಶಿವಾನುಭವ', 1927ರಿಂದ 'ನವಕರ್ನಾಟಕ' ಪತ್ರಿಕೆಗಳು ಅಲ್ಲಿಂದ ಹೊರಟವು. ಅವರ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ. ಪುಟದ ದೃಷ್ಟಿಯಿಂದ ಅವರು ಮಾಡಿದ ಉಪಕಾರವನ್ನು ಗಮನಿಸುವವರು ಕಡಮೆ. ಗರಿಯ ಮೇಲೆ ಒಂದರ ಬಾಲಕ್ಕೆ ಒಂದು ಅಂಟಿಕೊಂಡಿದ್ದ ಸಾಲುಗಳಿಂದ ವಚನಗಳನ್ನು ಬಿಡಿಸಿ, ಪದಗಳನ್ನು ಬಿಡಿಸಿ, ವಿಷಯವಾರು ವಿಂಗಡಿಸಿ ಇಟ್ಟರು. ಕಟ್ಟಿನಲ್ಲಿ ಮಲಗಿದ್ದುದನ್ನು ಹೈಸ್ಕೂಲು ಓದಿದ ಹುಡುಗಿಯೂ ತಾನೇ ಓದಿಕೊಳ್ಳುವಂತಾಯಿತು. ಮುಂದೆ ಬಂದ ಸಂಪಾದಕರು ಅದೇ ಹಾದಿಯಲ್ಲಿ ಇನ್ನಷ್ಟು ನಡೆದರು. 1993ರಲ್ಲಿ ರಾಜ್ಯ ಸರ್ಕಾರದಿಂದ ಬಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಈಗ ಅನೇಕ ಮನೆಗಳಲ್ಲಿದೆ. ಇಂದಿನ ಬಹಳಷ್ಟು ಪುಸ್ತಕಗಳಲ್ಲಿ ವಚನವು ಉಸಿರಿಗೆ ತಕ್ಕಂತೆ ಸಾಲುಸಾಲಾಗಿ ನಿಂತಿರುತ್ತದೆ, ಸುತ್ತ ಬಿಳಿಯ ಜಾಗವಿರುತ್ತದೆ. ಆ ಬಿಳಿಯ ಜಾಗವನ್ನು ಕಾಗದದ ಅಪವ್ಯಯವೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಸ್ಮರಣ ಸಂಚಿಕೆಯ ಮಾತು ಬಂದಾಗ ಮಾತ್ರ ಬೆರಳಗಲ ಜಾಗ ಕಂಡರೆ ಅಲ್ಲೊಂದು ಜಾಹೀರಾತು ತುಂಬುವ ಆತುರ ನಮಗೆ ಬಂದುಬಿಡುತ್ತದೆ.

ಈಗ ಅಕ್ಷರದ ವಿಚಾರಕ್ಕೆ ಬರೋಣ. ಕನ್ನಡದಲ್ಲಿ ದ ಮತ್ತು ಧ ಎಂಬ ಎರಡು ಅಕ್ಷರಗಳ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಥ ಎಂಬುದಕ್ಕೆ ಒಳಗೊಂದು ಚುಕ್ಕೆ. ಪ ಮತ್ತು ಫ, ಬ ಮತ್ತು ಭ, ಇವುಗಳದೂ ಇದೇ ಬಗೆ. ಅಕ್ಷರ ಸಣ್ಣದಾದರೆ, ಶಾಯಿ ಹೆಚ್ಚಾದರೆ, ಕಾಗದ ಒರಟಾಗಿ ಶಾಯಿಯನ್ನು ಹೀರಿದರೆ ಮೊದಲು ಮುಚ್ಚಿಹೋಗುವುದು ಆ ಸೀಳು. ಆಗ ಧನ ಎಂಬುದು ದನವಾಗುತ್ತದೆ. ದಾನಿಗಳ ಪಟ್ಟಿಯ ಮೇಲೆ "ಧನಸಹಾಯ ಮಾಡಿದವರು" ಎಂದಿರಬೇಕಾದ ಕಡೆ ಏನಾಗುತ್ತದೆಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ. ಆದುದರಿಂದ ಹಿರಿಯರೂ ಓದಬೇಕಾದ ಸಂಚಿಕೆಯಲ್ಲಿ ಲೇಖನದ ಅಕ್ಷರ 12 ಪಾಯಿಂಟಿಗಿಂತ ಕಡಮೆ ಇರಬಾರದೆಂಬುದು ನಮ್ಮ ಅಭಿಪ್ರಾಯ. 14 ಆದರೆ ಇನ್ನೂ ಲೇಸು. ಪುಟ ಹೆಚ್ಚಾಗುತ್ತದೆ, ಖರ್ಚು ಹೆಚ್ಚಾಗುತ್ತದೆ ಎನ್ನುವವರು ಶುಭ ಸಂದೇಶಗಳನ್ನು ಕಡಮೆ ಮಾಡಬಹುದು.

ಅಕ್ಷರದ ಗಾತ್ರಕ್ಕಿಂತಲೂ ಹೆಚ್ಚು ಗಮನ ಬೇಕಾದುದು ಸಾಲುಗಳ ನಡುವಿನ ಅಂತರಕ್ಕೆ. ಇಂಗ್ಲಿಷಿನ ಅಕ್ಷರಗಳು ಬಹುಮಟ್ಟಿಗೆ ಒಂದು ಗೆರೆಯ ಮೇಲೆ ಕುಳಿತಿರುತ್ತವೆ. ಕನ್ನಡದಲ್ಲಿ ಹಾಗಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ. 'ಶಾಸ್ತ್ರ', 'ರಾಷ್ಟ್ರ' ಎಂಬಂಥ ಪದಗಳಲ್ಲಿ ಎರಡೆರಡು ಒತ್ತುಗಳು ಕೆಳಗಿಳಿಯುತ್ತವೆ. ಇಂಗ್ಲಿಷಿಗೆಂದು ಗೊತ್ತುಮಾಡಿದ ಅಂತರವನ್ನೇ ಕಂಪ್ಯೂಟರಿನಲ್ಲಿ ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಇಡೀ ಪುಟ ಒಂದು ಕಪ್ಪು ಕಂಬಳಿಯಂತೆ ಕಾಣುತ್ತದೆ. ನಮ್ಮ ಸಂಚಿಕೆಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ದೋಷ ಇದೇ. ಅತ್ಯಂತ ಸುಲಭವಾಗಿ ತಿದ್ದಬಹುದಾದುದೂ ಇದೇ. ಅಕ್ಷರ 12 ಪಾಯಿಂಟ್ ಆದರೆ ಸಾಲಿನಿಂದ ಸಾಲಿಗೆ 18 ಪಾಯಿಂಟ್ ಬರಲೆಂದು ಡಿ.ಟಿ.ಪಿ. ಮಾಡುವವರಿಗೆ ಹೇಳಿದರೆ ಆಯಿತು. ಒಂದು ಗುಂಡಿ ಒತ್ತುವಷ್ಟು ಕೆಲಸ. ಮೊಳೆ ಜೋಡಿಸುವ ಕಾಲದಲ್ಲಿ ಹೀಗಿರಲಿಲ್ಲ; ಸಾಲುಗಳ ನಡುವೆ ಸೀಸದ ಪಟ್ಟಿಗಳನ್ನು ಒಂದೊಂದಾಗಿ ಇಡಬೇಕಾಗುತ್ತಿತ್ತು. ಆಗ ಅಷ್ಟು ಶ್ರಮವಹಿಸಿ ಇಡುತ್ತಿದ್ದುದನ್ನು ಈಗ ಸುಲಭವಾದ ಮೇಲೆ ಬಿಟ್ಟಿರುವುದು ಸೋಜಿಗ.

ಸಾಲಿನ ಉದ್ದದ ವಿಚಾರವೂ ಇದಕ್ಕೆ ಸಂಬಂಧಿಸಿದೆ. ದೊಡ್ಡ ಆಕಾರದ ಪುಟದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲು ಹೋದರೆ, ತಿರುಗಿ ಬರುವಾಗ ಕಣ್ಣು ದಾರಿ ತಪ್ಪಿ ಓದಿದ ಸಾಲನ್ನೇ ಮತ್ತೆ ಓದುತ್ತದೆ. ಎರಡು ಅಂಕಣ ಮಾಡುವುದು ಒಳ್ಳೆಯದು. ಆದರೆ ಮೂರು ಅಂಕಣಕ್ಕೆ ಹೋದರೆ ಕನ್ನಡಕ್ಕೆ ಇನ್ನೊಂದು ತೊಡಕು. ಸಂಧಿ ಸಮಾಸಗಳಿಂದ, ಪ್ರತ್ಯಯಗಳಿಂದ ನಮ್ಮ ಪದಗಳು ಉದ್ದ. 'ಮಾಡಬೇಕಾಗಿದ್ದುದರಿಂದ' ಎಂಬ ಒಂದೇ ಪದ ಕಿರಿದಾದ ಅಂಕಣದ ಅರ್ಧವನ್ನು ನುಂಗುತ್ತದೆ. ಎರಡೂ ಅಂಚು ಸಮನಾಗಿರಬೇಕೆಂದು ಹಟ ಹಿಡಿದರೆ ಒಂದು ಸಾಲಿನಲ್ಲಿ ಎರಡೇ ಪದ, ನಡುವೆ ಹೊಲದಷ್ಟು ಖಾಲಿ ಜಾಗ. ಇಂಥಲ್ಲಿ ಎಡದ ಅಂಚನ್ನು ಮಾತ್ರ ನೇರ ಮಾಡಿ ಬಲವನ್ನು ಹಾಗೆಯೇ ಬಿಟ್ಟರೆ ಕೊರತೆಯೇನೂ ಇಲ್ಲ. ಮೊದಮೊದಲು ಒರಟಾಗಿ ಕಂಡರೂ ಓದಿಗೆ ಹಗುರ. ಒಂದು ಸಾಲಿನಲ್ಲಿ ಆರೇಳು ಪದ ಇರುವಂತೆ ನೋಡಿಕೊಂಡರೆ ರೈಲಿನಲ್ಲಿ ನಿಂತು ಓದುವವನೂ ಎಡವುವುದಿಲ್ಲ.

ತಲೆಬರಹದ ಮಾತು. ಇಂಗ್ಲಿಷಿನವರಿಗೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಎರಡು ಬಗೆ ಇವೆ, ಓರೆ ಅಕ್ಷರವೂ ಇದೆ. ನಮಗೆ ಇವು ಇಲ್ಲ. ಕನ್ನಡದ ದುಂಡು ಅಕ್ಷರವನ್ನು ಕಂಪ್ಯೂಟರಿನಲ್ಲಿ ಓರೆ ಮಾಡಿದರೆ ಬಿದ್ದುಹೋಗುವ ಗೋಡೆಯಂತೆ ಕಾಣುತ್ತದೆ. ಆದುದರಿಂದ ಎದ್ದು ತೋರಿಸಬೇಕಾದುದನ್ನು ಗಾತ್ರದಿಂದ, ದಪ್ಪದಿಂದ, ಸುತ್ತ ಬಿಟ್ಟ ಜಾಗದಿಂದ ತೋರಿಸಬೇಕು. ಒಂದು ಸಂಚಿಕೆಗೆ ಎರಡು ಬಗೆಯ ಅಕ್ಷರ ಸಾಕು, ತಲೆಬರಹಕ್ಕೊಂದು, ಒಡಲಿಗೊಂದು. ಪ್ರತಿ ಲೇಖನಕ್ಕೂ ಹೊಸ ಅಕ್ಷರ ಆರಿಸಿದ ಸಂಚಿಕೆ ಮದುವೆಯ ಮನೆಯಲ್ಲಿ ಏಕಕಾಲಕ್ಕೆ ನಾಲ್ಕು ವಾದ್ಯಮೇಳ ಊದಿದಂತಿರುತ್ತದೆ. ಇನ್ನು ತಲೆಬರಹದ ಒಕ್ಕಣೆ. "ಒಂದು ಚಿಂತನೆ", "ಒಂದು ಅವಲೋಕನ" ಎಂದು ಕೊಟ್ಟರೆ ಒಳಗೇನಿದೆಯೆಂದು ಯಾರಿಗೂ ತಿಳಿಯದು. ಹಳೆಯ ಲೇಖನವೊಂದಕ್ಕೆ "ಗಣಿ ಕಾರ್ಮಿಕರ ಜೀವನ: ಒಂದು ಇಣುಕು ನೋಟ" ಎಂಬ ಹೆಸರಿದ್ದರೆ, ಅದರೊಳಗೆ ಇಳಿಗಣ್ಣಿನ ಬಾಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿಗಾಗಿ ಕಾಯುತ್ತಿದ್ದ ಹೆಂಗಸರ ವಿಷಯ ಇದೆಯೆಂದು ಓದುಗನಿಗೆ ಹೇಳುವವರಾರು? "ರಾತ್ರಿ ಪಾಳಿಯವರಿಗಾಗಿ ಕಾದವರು" ಎಂದಿದ್ದರೆ ಅಟ್ಟದಿಂದ ಇಳಿಸಿಯಾದರೂ ಓದುತ್ತಿದ್ದರು.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕಾವಿಯ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ, ನೀಲಿಯ ಮೇಲೆ ಹಸಿರು, ಇವು ಯಾರಿಗೂ ಕಾಣುವುದಿಲ್ಲ. ಬಿಳಿ ಅಥವಾ ಕೆನೆಬಣ್ಣದ ಕಾಗದದ ಮೇಲೆ ಕಪ್ಪು ಅಕ್ಷರವನ್ನು ಮೀರಿಸಿದುದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮಿರುಗುವ ಕಾಗದವೂ ದೀಪದ ಕೆಳಗೆ ಕಣ್ಣು ಕುಕ್ಕುತ್ತದೆ. ಚಿತ್ರದ ಪುಟಗಳಿಗೆ ಮಾತ್ರ ಅದನ್ನು ಇಟ್ಟುಕೊಂಡರೆ ಹಣವೂ ಉಳಿಯುತ್ತದೆ.

ಆದರೆ ಚಿತ್ರಗಳ ವಿಷಯದಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಲೇಬೇಕು. ನಮ್ಮ ತಲೆಮಾರಿನವರಿಗೆ ಚೆನ್ನಾಗಿ ನೆನಪಿರುವ 'ಚಂದಮಾಮ' ಪತ್ರಿಕೆಯನ್ನು ನೋಡಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದ್ರಾಸಿನಲ್ಲಿ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿ ಮುಂದೆ ಕನ್ನಡಕ್ಕೂ ತಂದ ಪತ್ರಿಕೆ ಅದು. ಚಿತ್ರಗಳು ಎಲ್ಲ ಭಾಷೆಗಳಿಗೂ ಒಂದೇ. ಅಕ್ಷರ ಮಾತ್ರ ಬೇರೆ. ಈ ಊರಿನ ಒಂದೇ ಬೀದಿಯಲ್ಲಿ ಒಂದು ಮನೆಯಲ್ಲಿ 'ಅಂಬುಲಿಮಾಮಾ', ಪಕ್ಕದಲ್ಲಿ ತೆಲುಗಿನ 'ಚಂದಮಾಮ', ಎದುರಿನಲ್ಲಿ ಕನ್ನಡದ್ದು. ಬೇತಾಳನನ್ನು ಹೊತ್ತ ವಿಕ್ರಮನ ಚಿತ್ರ ತೋರಿಸಿದರೆ ಮೂರು ಮನೆಯ ಮಕ್ಕಳೂ ಒಂದೇ ಕಥೆ ಹೇಳುತ್ತಿದ್ದರು. ಆ ಪತ್ರಿಕೆಯ ಪುಟಗಳಲ್ಲಿ ಚಿತ್ರವು ಕಥೆಯ ಯಾವುದೋ ಒಂದು ಘಟನೆಗೆ ಅಂಟಿಕೊಂಡಿರುತ್ತಿತ್ತು. ಕಥೆಯ ಮಾತು ಅದರ ಪಕ್ಕದಲ್ಲಿಯೇ ಇರುತ್ತಿತ್ತು. ಚಿತ್ರ ನೋಡಿದ ಮಗು ಮಾತಿಗೆ ಬರುತ್ತಿತ್ತು, ಮಾತು ಓದಿದ ಮಗು ಚಿತ್ರಕ್ಕೆ ಹೋಗುತ್ತಿತ್ತು. ಆ ಪತ್ರಿಕೆ ಈಗ ನಿಂತುಹೋಗಿದೆ, ಆದರೆ ಹಳೆಯ ಸಂಚಿಕೆಗಳನ್ನು ಈಗಲೂ ಬಿಡದೆ ಕಾಪಾಡಿಕೊಂಡ ಮನೆಗಳುಂಟು.

ನಮ್ಮ ಸ್ಮರಣ ಸಂಚಿಕೆಗಳಲ್ಲಿ ಚಿತ್ರಕ್ಕೂ ಮಾತಿಗೂ ಭೇಟಿಯೇ ಇಲ್ಲ. ಎಲ್ಲ ಚಿತ್ರಗಳೂ ನಡುವಿನ ಎಂಟು ಪುಟಗಳಲ್ಲಿ ಅಂಚೆಚೀಟಿಯ ಗಾತ್ರದಲ್ಲಿ ತುಂಬಿಕೊಂಡಿರುತ್ತವೆ. ಕೆಳಗೆ "ಸಮಾರಂಭದ ಒಂದು ದೃಶ್ಯ" ಎಂದಿರುತ್ತದೆ. ಯಾವ ಸಮಾರಂಭ? ಯಾವ ವರ್ಷ? ಹಾರ ಹಾಕಿಸಿಕೊಳ್ಳುತ್ತಿರುವವರು ಯಾರು, ಹಾಕುತ್ತಿರುವವರು ಯಾರು? ಅಚ್ಚಾದ ದಿನ ಎಲ್ಲರಿಗೂ ಗೊತ್ತಿತ್ತು, ಆದುದರಿಂದ ಬರೆಯಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಗೊತ್ತಿದ್ದವರು ಇಲ್ಲ.

ಗಣಿಯೂರಿನ ಮನೆಗಳ ಗೋಡೆಗಳ ಮೇಲೆ ಇಂಥ ಚಿತ್ರಗಳು ಇನ್ನೂ ತೂಗಾಡುತ್ತಿವೆ. ಸಾಲಾಗಿ ನಿಂತ ಕೆಲಸಗಾರರು, ಮುಂದೆ ಕುರ್ಚಿಯಲ್ಲಿ ಕುಳಿತ ಮೇಲಧಿಕಾರಿಗಳು, ನೆಲದ ಮೇಲೆ ಕಾಲು ಮಡಚಿ ಕುಳಿತ ಹುಡುಗರು. ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದು ದುಡಿದವರ ಮುಖಗಳು ಅಲ್ಲಿ ಇರಬಹುದು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡುದನ್ನು ಕಣ್ಣಾರೆ ಕಂಡವರೂ ಇರಬಹುದು. ಒಂದು ಟನ್ ಕಲ್ಲು ಪುಡಿಮಾಡಿದರೆ ಕೆಲವೇ ಗ್ರಾಂ ಚಿನ್ನ ದೊರೆಯುತ್ತಿದ್ದ ಊರು ಇದು. ಉಳಿದ ಮಣ್ಣು ಸೈನೈಡ್ ದಿಬ್ಬವಾಗಿ ಇಂದಿಗೂ ಕಣ್ಣೆದುರಿಗಿದೆ. ಚಿತ್ರದ ಕೆಳಗೆ ಹೆಸರುಗಳಿದ್ದರೆ ಅದು ಚಿನ್ನ, ಇಲ್ಲದಿದ್ದರೆ ದಿಬ್ಬಕ್ಕೆ ಸೇರಿದ ಮಣ್ಣು ಎಂದು ಹಿರಿಯರೊಬ್ಬರು ನಮ್ಮೊಡನೆ ಹೇಳಿದ್ದುಂಟು. ಚಿತ್ರದ ಅಡಿಬರಹದಲ್ಲಿ ಇಸವಿ, ಸ್ಥಳ, ಎಡದಿಂದ ಬಲಕ್ಕೆ ಹೆಸರುಗಳು, ಚಿತ್ರ ಯಾರ ಮನೆಯಿಂದ ಬಂದಿತು ಎಂಬ ನಾಲ್ಕು ಸಂಗತಿಗಳು ಇರಲೇಬೇಕು. ಹೆಂಗಸರ ಹೆಸರನ್ನು "ಶ್ರೀಮತಿ" ಎಂದು ಆರಂಭಿಸಿ ಗಂಡನ ಹೆಸರಿನಲ್ಲಿ ಮುಗಿಸುವ ರೂಢಿಯನ್ನು ಬಿಟ್ಟು ಅವರ ಹೆಸರನ್ನೇ ಬರೆಯಬೇಕೆಂದು ಇಲ್ಲಿಯೇ ಸೇರಿಸಿ ಹೇಳುತ್ತೇವೆ. ಎಂಟು ಪುಟಗಳಲ್ಲಿ ಅರವತ್ತು ಚಿತ್ರ ಹಾಕುವುದಕ್ಕಿಂತ ಹತ್ತು ಚಿತ್ರಗಳನ್ನು ಅರ್ಧ ಪುಟದ ಗಾತ್ರದಲ್ಲಿ, ಆಯಾ ಲೇಖನದ ಜೊತೆಯಲ್ಲಿ ಹಾಕುವುದು ಮೇಲು. ಯಾರ ಚಿತ್ರವನ್ನು ಬಿಡಬೇಕೆಂಬ ಪ್ರಶ್ನೆ ಬಂದಾಗ ಸಂಪಾದಕ ಮಂಡಲಿಯವರಿಗೆ ಬರುವ ಸಂಕಟ ನಮಗೆ ತಿಳಿಯದುದಲ್ಲ. ಆ ಸಂಕಟವನ್ನು ಸಂಪಾದಕರು ಅನುಭವಿಸದಿದ್ದರೆ ಓದುಗರು ಅನುಭವಿಸಬೇಕಾಗುತ್ತದೆ.

ಮನೆಯ ಕಿರಿಯರು ಈಗ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ತಾವೇ ಪುಟ ಜೋಡಿಸಬಲ್ಲರು. ಇದು ಸಂತೋಷದ ಸಂಗತಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದುದರಿಂದ ಮನೆಯಲ್ಲಿ ಕುಳಿತೇ ಕನ್ನಡ ಬೆರಳಚ್ಚು ಮಾಡುವುದು ಸಾಧ್ಯವಾಯಿತು. ಇಂದು ನಾವು ಬಳಸುವ ಕೀಲಿಮಣೆಯ ವಿನ್ಯಾಸಕ್ಕಾಗಿ ಕೆ.ಪಿ. ರಾವ್ ಅವರನ್ನು ನೆನೆಯಬೇಕು. ಆದರೆ ಒಂದು ಎಚ್ಚರ ಅಗತ್ಯ. ಹಿಂದಿನ ತಂತ್ರಾಂಶಗಳಲ್ಲಿ ಒಂದೊಂದಕ್ಕೂ ಅದರದೇ ಸಂಕೇತಗಳು. ಒಬ್ಬರ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಲೇಖನ ಇನ್ನೊಬ್ಬರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಬೆರಕೆಯಾಗುತ್ತಿತ್ತು. ಹಾಗೆ ಉಳಿಸಿಟ್ಟ ಹಳೆಯ ಲೇಖನಗಳನ್ನು ಈಗ ತೆರೆಯಲಾರದೆ ಕುಳಿತವರು ಬಹಳ. 1991ರಿಂದಲೇ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಸ್ಥಾನವಿದೆ. ಸಂಪುಟದ ಎಲ್ಲ ಲೇಖನಗಳನ್ನೂ ಯೂನಿಕೋಡಿನಲ್ಲಿಯೇ ಸಿದ್ಧಪಡಿಸಬೇಕು. ಅಚ್ಚಿಗೆ ಹೋಗುವಾಗ ಅಕ್ಷರ ಮಾರ್ಪಡಿಸಬೇಕಾಗಿ ಬಂದರೂ ಮೂಲದ ಒಂದು ಪ್ರತಿ ಯೂನಿಕೋಡಿನಲ್ಲಿ ಉಳಿದಿರಲಿ. ಮಾರ್ಪಡಿಸುವಾಗ ಅರ್ಕಾವೊತ್ತು ಜಾರಿ ಪಕ್ಕದ ಅಕ್ಷರಕ್ಕೆ ಹೋಗುವುದು, ಒತ್ತು ಕಳಚಿಬೀಳುವುದು ಸಾಮಾನ್ಯ. ಆದುದರಿಂದ ಕರಡು ತಿದ್ದುವ ಕೆಲಸವನ್ನು ಮಾರ್ಪಾಡಿನ ಮೊದಲು ಒಮ್ಮೆ, ಆಮೇಲೆ ಇನ್ನೊಮ್ಮೆ ಮಾಡಬೇಕು.

ಮೊಬೈಲಿನಲ್ಲಿ ಕಳುಹಿಸುವ ಪುಟಕ್ಕೂ ಇದೇ ವಿವೇಕ ಅನ್ವಯಿಸುತ್ತದೆ. ದೊಡ್ಡ ಪುಟವನ್ನು ಹಾಗೆಯೇ ಚಿತ್ರ ತೆಗೆದು ಕಳುಹಿಸಿದರೆ ಅಜ್ಜಿ ಎರಡು ಬೆರಳಿನಿಂದ ಹಿಗ್ಗಿಸಿ, ಪಕ್ಕಕ್ಕೆ ಎಳೆದು, ಮತ್ತೆ ಕುಗ್ಗಿಸಿ ಓದಬೇಕು. ಅವರು ಓದುವುದಿಲ್ಲ, ಕೈಮುಗಿದ ಗುರುತೊಂದನ್ನು ಒತ್ತಿ ಸುಮ್ಮನಾಗುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಪರೀಕ್ಷೆಯೊಂದನ್ನು ಮಾಡಬಹುದು. ನಮ್ಮ ಮನೆಯಲ್ಲಿ ಇದನ್ನು ಮಾಡಿ ನೋಡಿ ಪ್ರಯೋಜನ ಕಂಡುಕೊಂಡಿದ್ದೇವೆ. ಸಿದ್ಧವಾದ ಎರಡು ಪುಟಗಳನ್ನು ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ತೆಗೆದು, ಮನೆಯ ಹಿರಿಯರೊಬ್ಬರ ಕೈಗೂ ಆರನೆಯ ತರಗತಿಯ ಮಗುವಿನ ಕೈಗೂ ಕೊಡಬೇಕು. ಗಟ್ಟಿಯಾಗಿ ಓದಿರೆಂದು ಹೇಳಿ ಸುಮ್ಮನೆ ಕುಳಿತಿರಬೇಕು; ನಡುವೆ ಬಾಯಿ ಹಾಕಬಾರದು. ಅಜ್ಜ ಎಲ್ಲಿ ಪುಟವನ್ನು ದೂರ ಹಿಡಿದರು, ಮಗು ಎಲ್ಲಿ ಬೆರಳಿಟ್ಟುಕೊಂಡು ಓದಿತು, ಯಾವ ಸಾಲನ್ನು ಇಬ್ಬರೂ ಎರಡು ಸಲ ಓದಿದರು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಅಲ್ಲೆಲ್ಲ ತಿದ್ದುಪಡಿ ಬೇಕೆಂದು ಅರ್ಥ. ಎಷ್ಟೋ ಸಲ ತಿದ್ದಬೇಕಾದುದು ಪುಟವಲ್ಲ, ವಾಕ್ಯವೇ ಎಂಬುದೂ ಆಗ ಹೊರಬೀಳುತ್ತದೆ. ಲೇಖಕರಿಗೆ ಇದನ್ನು ಹೇಳುವಾಗ ಮಾತ್ರ ಸ್ವಲ್ಪ ನಯ ಇರಲಿ.

ಇನ್ನು ನಮ್ಮ ಊರಿನ ಸಂಪುಟಕ್ಕೆಂದೇ ಒಂದು ಸಲಹೆ. ಹೆಸರು ತಿಳಿಯದ ಹಳೆಯ ಚಿತ್ರಗಳನ್ನು ಕೈಬಿಡುವುದು ಬೇಡ. ಅವುಗಳಿಗಾಗಿ ಕೊನೆಯಲ್ಲಿ ನಾಲ್ಕು ಪುಟಗಳನ್ನು ಮೀಸಲಿಟ್ಟು, ದೊಡ್ಡದಾಗಿ ಅಚ್ಚು ಹಾಕಿಸಿ, ಪ್ರತಿಯೊಂದು ಮುಖದ ಮೇಲೂ ಒಂದು ಅಂಕೆ ಇಡಬೇಕು. ಕೆಳಗೆ ಅದೇ ಅಂಕೆಗಳ ಮುಂದೆ ಗೆರೆ ಎಳೆದು ಜಾಗ ಬಿಡಬೇಕು. ಬೆಂಗಳೂರಿನಲ್ಲಿಯೋ ಹೊಸೂರಿನಲ್ಲಿಯೋ ಮಕ್ಕಳ ಮನೆಯಲ್ಲಿ ಇರುವ ನಮ್ಮ ಹಿರಿಯರ ಕೈಗೆ ಆ ಸಂಪುಟ ತಲುಪಿದಾಗ ಪಕ್ಕದಲ್ಲಿ ಒಂದು ಪೆನ್ಸಿಲ್ ಕೂಡ ಇಟ್ಟುಬಂದರೆ ಸಾಕು. ಬರೆದ ಪುಟದ ಚಿತ್ರ ತೆಗೆದು ಕಳುಹಿಸುವ ಕೆಲಸವನ್ನು ಮೊಮ್ಮಕ್ಕಳು ಮಾಡುತ್ತಾರೆ, ಎರಡನೆಯ ಮುದ್ರಣದಲ್ಲಿ ಆ ಗೆರೆಗಳ ಮೇಲೆ ಹೆಸರುಗಳು ಬರುತ್ತವೆ.